ಸಂಜೆ ಹೊತ್ತು ಮನೆಯಲ್ಲೇ ಕಾರು ರಿಪೇರಿ: ಯಾವ ಕೆಲಸ ಹಿಡಿಯಬೇಕು, ಯಾವುದು ಬೇಡ?

ಪ್ರಶ್ನೆ: ನಮಸ್ಕಾರ ಸರ್. ಹಗಲು ಬೇರೆ ಕೆಲಸಕ್ಕೆ ಹೋಗುತ್ತೇನೆ. ಕಾರು ರಿಪೇರಿ ಬರುತ್ತದೆ, ನೆಂಟರು, ಸ್ನೇಹಿತರ ಗಾಡಿಗಳನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಇನ್ನು ಮೇಲೆ ದುಡ್ಡು ತೆಗೆದುಕೊಂಡು ಸಂಜೆ ಮತ್ತು ರಜೆಯಲ್ಲಿ ಮನೆಯಲ್ಲೇ ಮಾಡೋಣ ಅಂತಿದ್ದೇನೆ. ಬಂಡವಾಳ ಜಾಸ್ತಿ ಇಲ್ಲ. ಲಿಫ್ಟ್ ಇಲ್ಲ, ಒಂದು ಗಾಡಿ ನಿಲ್ಲುವಷ್ಟು ಸಿಮೆಂಟ್ ನೆಲ ಇದೆ. ಮೊದಲು ಯಾವ ಟೂಲ್ಸ್ ಕೊಳ್ಳಲಿ?

ಉತ್ತರ: ನಮಸ್ಕಾರ. ಟೂಲ್ಸ್ ಮಾತು ಆಮೇಲೆ. ಯಾವ ಕೆಲಸ ಹಿಡಿಯುತ್ತೀರಿ ಅನ್ನುವುದು ಮೊದಲು ತೀರ್ಮಾನವಾಗಲಿ.

ನಿಮಗೆ ಇರುವುದು ಒಂದೇ ಗಾಡಿಯ ಜಾಗ, ದಿನಕ್ಕೆ ಎರಡು ಮೂರು ಗಂಟೆ. ಅಲ್ಲಿ ಒಂದು ಕಾರು ಎಂಜಿನ್ ಬಿಚ್ಚಿಸಿಕೊಂಡು ವಾರಗಟ್ಟಲೆ ಕೂತರೆ ಮುಗಿಯಿತು. ಬೇರೆ ಗಿರಾಕಿಯನ್ನು ಕರೆಯುವಂತಿಲ್ಲ, ಆ ಗಿರಾಕಿಯ ಫೋನ್ ನಿಲ್ಲುವುದಿಲ್ಲ, ಬಿಚ್ಚಿದ ಬೋಲ್ಟ್ ಯಾವುದು ಎಲ್ಲಿಯದು ಅಂತ ನಿಮಗೇ ಮರೆತುಹೋಗುತ್ತದೆ. ಆದ್ದರಿಂದ ಒಂದೇ ಸಂಜೆಯಲ್ಲಿ ಶುರುವಾಗಿ ಮುಗಿಯುವ ಕೆಲಸ ಮಾತ್ರ ಹಿಡಿಯಿರಿ. ಎಂಜಿನ್ ಆಯಿಲ್, ಫಿಲ್ಟರ್‌ಗಳು, ಸ್ಪಾರ್ಕ್ ಪ್ಲಗ್, ಬ್ಯಾಟರಿ, ಬಲ್ಬ್, ಬ್ರೇಕ್ ಪ್ಯಾಡ್ ಮತ್ತು ಡಿಸ್ಕ್. ಕೈ ಪಳಗಿದ ಮೇಲೆ ಆಲ್ಟರ್ನೇಟರ್, ಸ್ಟಾರ್ಟರ್ ಮೋಟರ್. ಇಷ್ಟರಲ್ಲೇ ಬೇಕಾದಷ್ಟು ಕೆಲಸ ಸಿಗುತ್ತದೆ, ನಂಬಿ.

ಆಯಿಲ್ ಬದಲಿಸುವುದು ಸುಲಭ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಹಳೇ ಫಿಲ್ಟರ್‌ನ ರಬ್ಬರ್ ರಿಂಗ್ ಎಂಜಿನ್‌ಗೇ ಅಂಟಿಕೊಂಡಿದ್ದು, ಅದರ ಮೇಲೆ ಹೊಸ ಫಿಲ್ಟರ್ ಕೂರಿಸಿದರೆ ಆಯಿಲೆಲ್ಲ ರಸ್ತೆ ಪಾಲು. ಆಯಿಲ್ ಇಲ್ಲದೆ ಓಡಿದ ಎಂಜಿನ್ ಹಿಡಿದುಕೊಳ್ಳುತ್ತದೆ. ಹಳೇ ರಿಂಗ್ ಬಂತಾ ಅಂತ ಪ್ರತಿ ಸಲ ನೋಡಲೇಬೇಕು. ಡ್ರೈನ್ ಬೋಲ್ಟ್‌ನ ವಾಷರ್ ಕೂಡ ಹೊಸದೇ ಹಾಕಿ.

ಈಗ ಬೇಡ ಅನ್ನಬೇಕಾದ್ದು. ಏರ್‌ಬ್ಯಾಗ್ ಮುಟ್ಟಬೇಡಿ. ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಅದು ಜೀವ ತೆಗೆಯುವಷ್ಟು ವೋಲ್ಟೇಜಿನದು, ಕೈ ಹಾಕುವ ಹಾಗಿಲ್ಲ. ಎಸಿ ಗ್ಯಾಸ್ ತೆಗೆಯಲು ಬೇರೆಯೇ ಮೆಷಿನ್ ಬೇಕು, ಅದನ್ನು ಗಾಳಿಗೆ ಬಿಡುವುದು ಹಲವು ದೇಶಗಳಲ್ಲಿ ಅಪರಾಧ. ಸಸ್ಪೆನ್ಷನ್ನಿನ ಕಾಯಿಲ್ ಸ್ಪ್ರಿಂಗ್ ಬಿಗಿಯಾಗಿ ಅದುಮಿಕೊಂಡಿರುತ್ತದೆ, ಅದನ್ನು ಅದುಮಿ ಹಿಡಿಯುವ ಸರಿಯಾದ ಸ್ಪ್ರಿಂಗ್ ಕಂಪ್ರೆಸರ್ ಟೂಲ್ ಇಲ್ಲದೆ ಬಿಚ್ಚಿದರೆ ಮುಖಕ್ಕೇ ಹಾರುತ್ತದೆ. ಟೈಮಿಂಗ್ ಬೆಲ್ಟ್, ಅಂದರೆ ಎಂಜಿನ್ನಿನ ವಾಲ್ವ್ ಮತ್ತು ಪಿಸ್ಟನ್ ತಾಳ ತಪ್ಪದಂತೆ ಓಡಿಸುವ ಹಲ್ಲಿನ ಬೆಲ್ಟ್, ಬದಲಿಸುವುದು ಆಸೆ ಹುಟ್ಟಿಸುವ ಕೆಲಸ, ದುಡ್ಡೂ ಜಾಸ್ತಿ. ಆದರೆ ಅನೇಕ ಎಂಜಿನ್‌ಗಳಲ್ಲಿ ಅದು ಕೆಲವು ಹಲ್ಲು ಆಚೀಚೆಯಾದರೂ ವಾಲ್ವ್‌ಗೆ ಪಿಸ್ಟನ್ ಬಡಿದು ವಾಲ್ವ್ ಬಾಗುತ್ತದೆ. ಆ ನಷ್ಟ ತುಂಬಿಕೊಡುವ ಶಕ್ತಿ ನಿಮಗೆ ಈಗ ಇಲ್ಲ ಅಲ್ವಾ?

ಪ್ರಶ್ನೆ: ಅರ್ಥವಾಯಿತು ಸರ್. ಹಾಗಾದರೆ ಈ ಕೆಲಸಗಳಿಗೆ ಬೇಕಾದ ಟೂಲ್ಸ್?

ಉತ್ತರ: ಸಾಕೆಟ್ ಸೆಟ್, ಸ್ಪ್ಯಾನರ್, ಮಲ್ಟಿಮೀಟರ್ ಮಧ್ಯಮ ದರ್ಜೆಯವು ಸಾಕು. 10 ಎಂಎಂ ಸಾಕೆಟ್ ಮಾತ್ರ ಒಂದೆರಡು ಹೆಚ್ಚಿಗೆ ಇಟ್ಟುಕೊಳ್ಳಿ, ಅದು ಎಲ್ಲಿ ಮಾಯವಾಗುತ್ತದೋ ಯಾವ ಮೆಕ್ಯಾನಿಕ್‌ಗೂ ಗೊತ್ತಿಲ್ಲ.

ಎರಡು ಕಡೆ ಮಾತ್ರ ದುಡ್ಡು ಉಳಿಸಬೇಡಿ. ಒಂದು ಜಾಕ್ ಸ್ಟ್ಯಾಂಡ್. ಜಾಕ್ ಇರುವುದು ಗಾಡಿ ಎತ್ತುವುದಕ್ಕೆ, ಎತ್ತಿ ನಿಲ್ಲಿಸುವುದಕ್ಕಲ್ಲ. ಹೈಡ್ರಾಲಿಕ್ ಸೀಲ್ ಯಾವಾಗ ಬೇಕಾದರೂ ಕೈಕೊಡುತ್ತದೆ. ಸ್ಟ್ಯಾಂಡ್ ಕೊಟ್ಟು, ನೆಲದ ಮೇಲಿರುವ ಚಕ್ರಕ್ಕೆ ಅಡ್ಡ ಇಟ್ಟು, ಗಾಡಿಯನ್ನು ಒಮ್ಮೆ ಅಲುಗಾಡಿಸಿ ನೋಡಿ ಆಮೇಲೆ ಕೆಳಗೆ ಹೋಗಿ. ಇಟ್ಟಿಗೆ, ಕಾಂಕ್ರೀಟ್ ಬ್ಲಾಕ್ ಬೇಡವೇ ಬೇಡ, ಅವು ಭಾರಕ್ಕೆ ಇದ್ದಕ್ಕಿದ್ದಂತೆ ಸಿಡಿಯುತ್ತವೆ. ಎರಡನೆಯದು ಟಾರ್ಕ್ ರೆಂಚ್, ಅಂದರೆ ನಟ್, ಬೋಲ್ಟನ್ನು ಅಳತೆಗೆ ತಕ್ಕಷ್ಟೇ ಬಿಗಿಯುವ ರೆಂಚ್. ಎಷ್ಟು ಬಿಗಿಯಬೇಕು ಅನ್ನುವುದು ಆ ಗಾಡಿಯ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಸಣ್ಣ ಕಾರುಗಳ ವೀಲ್ ನಟ್‌ಗೆ ಸಾಮಾನ್ಯವಾಗಿ 100 ನ್ಯೂಟನ್ ಮೀಟರ್ ಆಸುಪಾಸು. ಎದುರುಬದುರು ಬಿಗಿಯುತ್ತಾ ಬನ್ನಿ, 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಿಸಿ ಅಂತ ಗಿರಾಕಿಗೆ ಹೇಳಿ.

ಜಾಗ ಮುಚ್ಚಿದ ಶೆಡ್ ಆಗಿದ್ದರೆ ಒಳಗೆ ಎಂಜಿನ್ ಚಾಲೂ ಇಡಬೇಡಿ. ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ.

ಇನ್ನೊಬ್ಬ ಸದಸ್ಯರು: ನನ್ನ ಹತ್ತಿರ ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ, ಮೊಬೈಲ್‌ಗೆ ಜೋಡಿಸುವ ಚಿಕ್ಕ ಒಬಿಡಿ ಸ್ಕ್ಯಾನರ್ ಇದೆ. ಸಾಕಾಗುತ್ತದಾ?

ಉತ್ತರ: ಎಂಜಿನ್ ಲೈಟ್‌ನ ಕೋಡ್ ಓದಲು ಸಾಕು. ಆದರೆ ಕೋಡ್ ಹೇಳುವುದು ಲಕ್ಷಣವನ್ನು ಮಾತ್ರ. ಪಿ 0171 ಬಂತು ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ ಬೀಳುತ್ತಿದೆ ಅಂತ. ಹೊಸಬರು ಕೂಡಲೇ ಆಕ್ಸಿಜನ್ ಸೆನ್ಸರ್ ಬದಲಿಸುತ್ತಾರೆ. ನೋಡಿದರೆ ವ್ಯಾಕ್ಯೂಮ್ ಪೈಪ್ ಸೀಳಿರುತ್ತದೆ, ಇಲ್ಲವೇ ಗಾಳಿ ಅಳೆಯುವ ಸೆನ್ಸರ್‌ಗೆ ಕೊಳೆ ಹಿಡಿದಿರುತ್ತದೆ, ಇಲ್ಲವೇ ಫ್ಯುಯೆಲ್ ಪಂಪ್ ಸೋತಿರುತ್ತದೆ.

ಅಂದ ಹಾಗೆ, ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್ ಇರುವ ಕಾರಿನ ಹಿಂದಿನ ಪ್ಯಾಡ್ ಬದಲಿಸುವಾಗ ಆ ಹ್ಯಾಂಡ್‌ಬ್ರೇಕನ್ನು ಮೊದಲು ಸರ್ವೀಸ್ ಮೋಡ್‌ಗೆ, ಅಂದರೆ ಅದರ ಮೋಟರ್ ಹಿಂದೆ ಸರಿದು ಹಿಡಿತ ಬಿಡುವ ಸ್ಥಿತಿಗೆ ತರಬೇಕು. ಬಹಳಷ್ಟು ಗಾಡಿಗಳಲ್ಲಿ ಅದು ಚಿಕ್ಕ ಸ್ಕ್ಯಾನರ್‌ನಿಂದ ಆಗುವುದಿಲ್ಲ. ಹಾಗೆ ಮಾಡದೆ ಬ್ರೇಕ್‌ನ ಪಿಸ್ಟನ್ ಅನ್ನು ಬಲವಂತವಾಗಿ ಒತ್ತಿದರೆ ಆ ಮೋಟರ್ ಹಾಳು. ಕೆಲಸ ಒಪ್ಪುವ ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ: ಹಳೇ ಆಯಿಲ್ ಏನು ಮಾಡುವುದು ಸರ್? ಅಕ್ಕಪಕ್ಕದವರು ಗೊಣಗುತ್ತಾರೆ ಅನ್ನೋ ಭಯ.

ಉತ್ತರ: ಮುಚ್ಚಳ ಇರುವ ಕ್ಯಾನ್‌ನಲ್ಲಿ ತುಂಬಿಟ್ಟು, ಹಳೇ ಆಯಿಲ್ ತೆಗೆದುಕೊಳ್ಳುವವರಿಗೆ ಕೊಡಿ. ಅದರೊಳಗೆ ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ), ಬ್ರೇಕ್ ಆಯಿಲ್ ಬೆರೆಸಬೇಡಿ, ಬೆರೆತರೆ ಮರುಬಳಕೆಯವರು ಮುಟ್ಟುವುದಿಲ್ಲ. ಮೋರಿಗೆ, ಮಣ್ಣಿಗೆ ಒಂದು ಹನಿಯೂ ಬೇಡ. ಕೂಲಂಟ್ ಸಾಮಾನ್ಯವಾಗಿ ಸಿಹಿ ರುಚಿಯ ವಿಷ. ನಾಯಿ, ಬೆಕ್ಕು, ಮಕ್ಕಳು ಇರುವ ಮನೆಯಲ್ಲಿ ಬೋಗುಣಿಯಲ್ಲಿ ಬಿಟ್ಟು ಒಳಗೆ ಹೋಗಬೇಡಿ.

ಅಕ್ಕಪಕ್ಕದವರಿಗೆ ಕಾಡುವುದು ಸದ್ದು ಮತ್ತು ಬೀದಿಯಲ್ಲಿ ನಿಂತ ಗಾಡಿಗಳು. ರಾತ್ರಿ ಸುತ್ತಿಗೆ ಬೇಡ, ಒಂದು ಗಾಡಿ ಹೋದ ಮೇಲೆಯೇ ಇನ್ನೊಂದನ್ನು ಕರೆಸಿ. ವಾಸದ ಮನೆಯಲ್ಲಿ ಇಂಥ ಕೆಲಸಕ್ಕೆ ಅನುಮತಿ ಇದೆಯಾ ಅಂತ ಸ್ಥಳೀಯ ಆಡಳಿತದಲ್ಲಿ ಮೊದಲೇ ವಿಚಾರಿಸಿ. ಇಲ್ಲದಿದ್ದರೆ ಗಿರಾಕಿ ಮನೆಗೇ ಹೋಗಿ ಮಾಡಿಕೊಡಬಹುದಾ ಕೇಳಿ. ಸುಮಾರು ಜನ ಬ್ಯಾಟರಿ, ಬ್ರೇಕ್ ಕೆಲಸವನ್ನು ಹಾಗೇ ನಡೆಸುತ್ತಾರೆ, ಜಾಗದ ಖರ್ಚೂ ಇಲ್ಲ. ಇನ್ಶೂರೆನ್ಸ್ ಕೂಡ ನೋಡಿ. ಸಾಮಾನ್ಯ ಮನೆ ಪಾಲಿಸಿ ವ್ಯಾಪಾರದ ಅನಾಹುತಕ್ಕೆ ಬಹುತೇಕ ಬರುವುದಿಲ್ಲ.

ಪ್ರಶ್ನೆ: ಕೊನೆಯದಾಗಿ, ಚಾರ್ಜ್ ಹೇಗೆ ಮಾಡಲಿ? ಪಾರ್ಟ್ಸ್ ತಾವೇ ತರುತ್ತೇವೆ ಅಂತಾರೆ. ನೆಂಟರಂತೂ ದುಡ್ಡಿನ ಮಾತೇ ಎತ್ತುವುದಿಲ್ಲ.

ಉತ್ತರ: ತೊಂದರೆ ಹುಡುಕುವುದಕ್ಕೆ ಪ್ರತ್ಯೇಕ ಚಾರ್ಜ್ ಇಡಿ. ಹುಡುಕುವುದಕ್ಕೇ ಜಾಸ್ತಿ ಹೊತ್ತು ಹಿಡಿಯುತ್ತದೆ, ಬದಲಿಸುವುದು ಕಾಲು ಗಂಟೆ. ಪಾರ್ಟ್ಸ್ ದುಡ್ಡು ಮುಂಗಡವಾಗಿ ತೆಗೆದುಕೊಳ್ಳಿ, ನಿಮ್ಮ ಜೇಬಿನಿಂದ ಹಾಕಬೇಡಿ. ಅವರೇ ತಂದರೆ ಮಾಡಿಕೊಡಿ, ಆದರೆ ಆ ಪಾರ್ಟ್ ಕೆಟ್ಟರೆ ಮತ್ತೆ ಬಿಚ್ಚಿ ಹಾಕುವ ಕೂಲಿ ಬೇರೆ ಅಂತ ಮೊದಲೇ ಬರೆದುಕೊಡಿ. ಗಾಡಿ ಬಂದಾಗಲೇ ಸುತ್ತಲೂ ಫೋಟೊ, ಮೀಟರ್ ರೀಡಿಂಗ್ ಫೋಟೊ. ಹಳೇ ಪಾರ್ಟ್ಸ್ ಅವರ ಕೈಗೇ ಕೊಡಿ, ಅನುಮಾನಕ್ಕೆ ಜಾಗ ಇರುವುದಿಲ್ಲ.

ನೆಂಟರಿಗೂ ಬಿಲ್ ಬರೆಯಿರಿ. ಪೂರ್ತಿ ಕೂಲಿ ಬರೆದು ಅದರ ಕೆಳಗೆ ಬಿಟ್ಟದ್ದೆಷ್ಟು ಅಂತ ತೋರಿಸಿ. ಪಾರ್ಟ್ಸ್ ದುಡ್ಡು ಮಾತ್ರ ಅತ್ತೆ ಮನೆಯವರಾದರೂ ಬಿಡಬೇಡಿ.