ಹಳೇ ವ್ಯಾನಿಗೆ ಗುಜರಿ ಕಮಾನು ಪಟ್ಟಿ: ಎರಡು ಸೆಟ್ಟಲ್ಲಿ ಯಾವುದು ತಗೊಳ್ಳಲಿ?

ವಾಲಿದ ವ್ಯಾನು

ಎಲ್ಲರಿಗೂ ನಮಸ್ಕಾರ. ನಮ್ಮ ವ್ಯಾನಿಗೆ ವಯಸ್ಸಾಗಿದೆ. ಮುಂದೆ ಸ್ಟ್ರಟ್ಟು (ಶಾಕ್ ಅಬ್ಸಾರ್ಬರ್, ಅದರ ಸುತ್ತ ಕಾಯಿಲ್ ಸ್ಪ್ರಿಂಗು), ಹಿಂದೆ ಲೀಫ್ ಸ್ಪ್ರಿಂಗು, ಅಂದರೆ ಒಂದರ ಮೇಲೊಂದು ಜೋಡಿಸಿದ ಕಮಾನು ಪಟ್ಟಿಗಳು. ಸೀಟಿನ ಗಾಡಿ, ಲಗೇಜ್ ಗಾಡಿ ಅಲ್ಲ. ಈಗ ಹಿಂದಿನ ಎಡಗಡೆ ಕುಸಿದಿದೆ. ಖಾಲಿ ನಿಂತಿದ್ದರೂ ವಾಲಿಕೊಂಡೇ ಇರುತ್ತೆ. ಕೆಳಗೆ ಮಲಗಿ ನೋಡಿದರೆ ಎರಡನೇ ಪಟ್ಟಿ ತುಂಡಾಗಿದೆ. ಹೊಸ ಸೆಟ್ಟು ಈಗ ಎಲ್ಲೂ ಸಿಗುತ್ತಿಲ್ಲ.

ಗುಜರಿಯವರ ಹತ್ತಿರ ಎರಡು ಜೊತೆ ಇವೆ. ಒಂದು ಇದೇ ಮಾಡೆಲಿನ ಲಗೇಜ್ ವ್ಯಾನಿಂದು, ಕಪ್ಪು ಪೇಂಟ್ ಹೊಡೆದು ಫಳಫಳ ಅನ್ನುತ್ತಿದೆ. ಇನ್ನೊಂದು ಸೀಟಿನ ವ್ಯಾನಿಂದೇ, ಆದರೆ ಪೂರ್ತಿ ಕೆಂಪು ತುಕ್ಕು. 'ಲಗೇಜ್ ಗಾಡಿದೇ ತಗೊಳ್ಳಿ, ಗಟ್ಟಿ ಮಾಲು, ಎರಡಕ್ಕೂ ಕೂರುತ್ತೆ' ಅಂತಾರೆ. ಮುಂದಿನ ಸ್ಟ್ರಟ್ಟುಗಳನ್ನೂ ಕಾಯಿಲ್ ಸಮೇತ ಕೊಡ್ತಾರಂತೆ. ಯಾವುದು ತಗೊಳ್ಳಲಿ? ಎಡಗಡೆದೊಂದೇ ಬದಲಿಸಿದರೆ ಸಾಲದಾ?

ಹೊಸದೇ ವಾಸಿ

ಸೆಕೆಂಡ್ ಹ್ಯಾಂಡ್ ಸಹವಾಸವೇ ಬೇಡ. ತುಂಡಾದ ಪಟ್ಟಿಯೊಂದನ್ನೇ ಅದೇ ಅಳತೆಗೆ ಹೊಸದಾಗಿ ಮಾಡಿಸಿ ಹಾಕಿ.

ಗ್ರೀಸ್ ಕೈ

ಮಾಡಿಸಬಹುದು, ಬೇಡ ಅನ್ನಲ್ಲ. ಆದರೆ ಒಂದು ಪಟ್ಟಿ ತುಂಡಾದ ಮೇಲೆ ಅದರ ಭಾರವನ್ನೆಲ್ಲ ಉಳಿದವು ಹೊತ್ತಿರುತ್ತವೆ. ಅವೂ ದಣಿದಿರುತ್ತವೆ. ಅವುಗಳ ಮಧ್ಯೆ ಒಂದು ಹೊಸ ಪಟ್ಟಿ ತುರುಕಿದರೆ ಎಷ್ಟು ದಿನ ಬಂದೀತು?

ವಾಲಿದವರೇ, 'ಕೂರುತ್ತೆ' ಅನ್ನೋ ಮಾತನ್ನು ನಂಬಬೇಡಿ. ಬೋಲ್ಟು ಕೂರೋದು ಬೇರೆ, ಗಾಡಿಗೆ ಒಪ್ಪೋದು ಬೇರೆ. ಟೇಪು, ದಪ್ಪ ಅಳೆಯೋ ವರ್ನಿಯರ್ ಹಿಡ್ಕೊಂಡು ಹೋಗಿ. ಪಟ್ಟಿ ಎಷ್ಟು, ಅಗಲ ಎಷ್ಟು, ದಪ್ಪ ಎಷ್ಟು ನೋಡಿ. ಆಮೇಲೆ ಮುಂದಿನ ಕಣ್ಣಿಂದ (ಪಟ್ಟಿ ತುದಿಯ ಬಳೆಯಿಂದ) ಸೆಂಟರ್ ಬೋಲ್ಟಿನ (ಪಟ್ಟಿಗಳನ್ನೆಲ್ಲ ಪೋಣಿಸಿದ ಬೋಲ್ಟಿನ) ತನಕ ಎಷ್ಟು, ಅಲ್ಲಿಂದ ಹಿಂದಿನ ಕಣ್ಣಿನ ತನಕ ಎಷ್ಟು ಅಂತ ಬೇರೆ ಬೇರೆ ಅಳೆಯಿರಿ. ಸೆಂಟರ್ ಬೋಲ್ಟು ಎಷ್ಟೋ ಗಾಡಿಗಳಲ್ಲಿ ನಟ್ಟನಡುವೆ ಇರಲ್ಲ. ಅದು ಆಚೀಚೆ ಆದರೆ ಆಕ್ಸಲ್ಲೇ ಆಚೀಚೆ. ಚಕ್ರ ಒಂದು ಕಡೆ ಗಾಡಿಯ ಮೈಗೆ ಹತ್ತಿರ ಬರುತ್ತೆ, ಗೇರ್ ಬಾಕ್ಸಿಂದ ಆಕ್ಸಲ್ಲಿಗೆ ಹೋಗೋ ಪ್ರೊಪೆಲ್ಲರ್ ಶಾಫ್ಟಿನ ಉದ್ದದ ಲೆಕ್ಕವೂ ತಪ್ಪುತ್ತೆ.

ಫಳಫಳ ಪೇಂಟ್ ಕಂಡರೆ ನನಗಂತೂ ಮೊದಲು ಅನುಮಾನ. ತುಕ್ಕು ಕಣ್ಣಿಗೆ ಕಾಣುತ್ತೆ, ಪೇಂಟ್ ಕೆಳಗಿರೋ ಬಿರುಕು ಕಾಣಲ್ಲ. ಕೆಂಪು ಸೆಟ್ಟಿಗೆ ವೈರ್ ಬ್ರಷ್ ಹಾಕಿ. ಮೇಲ್ಮೈ ನುಣ್ಣಗೆ ಬಂದರೆ ಅದು ಬರೀ ಮೇಲಿನ ತುಕ್ಕು. ಉಗುರು ಸಿಕ್ಕೋ ಹಾಗೆ ಗುಳಿ ಬಿದ್ದಿದ್ದರೆ ಬಿಟ್ಟುಬಿಡಿ. ಬಿರುಕು ಶುರುವಾಗೋದೇ ಅಂಥ ಗುಳಿಯಿಂದ. ಆಮೇಲೆ ಸೆಂಟರ್ ಬೋಲ್ಟ್ ತೂತಿನ ಸುತ್ತ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ ಸೀಮೆಸುಣ್ಣದ ಪುಡಿ ಉಜ್ಜಿ. ಬಿರುಕಿದ್ದರೆ ಒಳಗಿನ ಎಣ್ಣೆ ಹೊರಗೆ ಜಿನುಗಿ ಬಿಳಿ ಪುಡಿಯ ಮೇಲೆ ಕೂದಲೆಳೆ ಥರ ಕಪ್ಪು ಗೆರೆ ಮೂಡುತ್ತೆ. ಪಟ್ಟಿಯ ತುದಿ ಮೇಲಿನ ಪಟ್ಟಿಯನ್ನು ತಿಂದು ಮೆಟ್ಟಿಲು ಮಾಡಿದೆಯಾ ಅಂತಲೂ ನೋಡಿ. ನೀಲಿ ಕಲೆ ಇದ್ದರೆ ಯಾರೋ ಗ್ಯಾಸ್ ಕಟರ್ ಹಿಡಿದಿದ್ದಾರೆ ಅಂತಲೇ ಲೆಕ್ಕ. ಅಷ್ಟು ಬಿಸಿ ಕಂಡ ಸ್ಪ್ರಿಂಗಿನ ಹದ ಹೋಗಿರುತ್ತೆ. ಅದು ಫ್ರೀ ಕೊಟ್ಟರೂ ಬೇಡ.

ಒಂದೇ ಕಡೆ ಬದಲಿಸೋ ಮಾತೇ ಇಲ್ಲ. ಜೊತೆಯಾಗಿಯೇ ಹಾಕಬೇಕು. ಅಳತೆ ಬರೆಯಿರಿ, ನೋಡೋಣ.

ವಾಲಿದ ವ್ಯಾನು

ಅಳೆದು ಬಂದೆ. ನಮ್ಮದು ನಾಲ್ಕು ಪಟ್ಟಿ, 6 ಮಿ.ಮೀ. ದಪ್ಪ. ಕೆಂಪು ಸೆಟ್ಟೂ ಹಾಗೇ, ಗುಳಿ ಇಲ್ಲ, ಗೆರೆ ಮೂಡಲಿಲ್ಲ. ಲಗೇಜ್ ಗಾಡಿದು ಐದು ಪಟ್ಟಿ, 7 ಮಿ.ಮೀ. ಅಗಲ, ಉದ್ದ, ಸೆಂಟರ್ ಬೋಲ್ಟು ಮೂರರಲ್ಲೂ ಒಂದೇ. ಒಂದೇ ಒಂದು ಮಿಲಿಮೀಟರ್ ತಾನೇ? ಜಾಸ್ತಿ ಲಗೇಜು ಹಾಕಬಹುದಲ್ವಾ ಅಂತ ಆಸೆ.

ಗ್ರೀಸ್ ಕೈ

ಆ ಒಂದು ಮಿಲಿಮೀಟರೇ ಎಡವಟ್ಟು ಮಾಡೋದು. ಪಟ್ಟಿಯ ಬಿಗಿ ದಪ್ಪದ ಘನದ ಲೆಕ್ಕದಲ್ಲಿ ಏರುತ್ತೆ. 6ರ ಘನ 216, 7ರ ಘನ 343. ಅಂದರೆ ಒಂದೊಂದು ಪಟ್ಟಿಯೂ ನಿಮ್ಮದರ ಒಂದೂವರೆಯಷ್ಟಕ್ಕಿಂತ ಜಾಸ್ತಿ ಬಿಗಿ. ಅದರ ಮೇಲೆ ನಾಲ್ಕರ ಬದಲು ಐದು. ಎಲ್ಲಾ ಸೇರಿದರೆ ಹತ್ತಿರ ಹತ್ತಿರ ಎರಡರಷ್ಟು. ಖಾಲಿ ಗಾಡಿ ಗುಂಡಿಗೆ ಬಿದ್ದಾಗ ಹಿಂದಿನ ಸೀಟಿನವರು ಚಾವಣಿ ಮುಟ್ಟಿ ಬರ್ತಾರೆ.

ಲಗೇಜಿನ ಆಸೆ ಬಿಡಿ. ಸ್ಪ್ರಿಂಗ್ ಗಟ್ಟಿ ಮಾಡಿದರೆ ಆಕ್ಸಲ್ಲು, ಬೇರಿಂಗು, ಬ್ರೇಕು, ಟೈರು ಗಟ್ಟಿ ಆಗಲ್ಲ. ಗಾಡಿಯ ಪ್ಲೇಟಿನಲ್ಲಿ ಬರೆದಿರೋ ತೂಕ ಅಷ್ಟೇ ಇರುತ್ತೆ.

ಇನ್ನೊಂದು ಅಪಾಯ ಯಾರೂ ಹೇಳಲ್ಲ. ಹಿಂದಿನ ಆಕ್ಸಲ್ಲಿಂದ ಮೇಲಕ್ಕೆ ಒಂದು ಸಣ್ಣ ಕಡ್ಡಿ ಹೋಗಿ ಬ್ರೇಕ್ ವಾಲ್ವಿಗೆ ಸೇರಿದೆಯಾ ನೋಡಿ. ಎಷ್ಟೋ ವ್ಯಾನುಗಳಲ್ಲಿ ಇರುತ್ತೆ. ಗಾಡಿ ಎಷ್ಟು ಕೂತಿದೆ ಅನ್ನೋದನ್ನು ನೋಡಿಯೇ ಅದು ಹಿಂದಿನ ಬ್ರೇಕಿಗೆ ಒತ್ತಡ ಬಿಡೋದು. ಬಿಗಿ ಸ್ಪ್ರಿಂಗ್ ಹಾಕಿದರೆ ಲೋಡ್ ಇದ್ದರೂ ಗಾಡಿ ಎತ್ತರಕ್ಕೇ ನಿಂತಿರುತ್ತೆ. ವಾಲ್ವು ಗಾಡಿ ಖಾಲಿ ಅಂದ್ಕೊಂಡು ಹಿಂದಿನ ಬ್ರೇಕ್ ಕಮ್ಮಿ ಮಾಡುತ್ತೆ. ಬೇಕಾದಾಗಲೇ ಬ್ರೇಕ್ ಇಲ್ಲ!

ಕೆಂಪು ಸೆಟ್ಟೇ ತಗೊಳ್ಳಿ. ಪಟ್ಟಿಯನ್ನು ಆಕ್ಸಲ್ಲಿಗೆ ಬಿಗಿಯೋ ಯು ಬೋಲ್ಟು, ನಟ್ಟು, ಕಣ್ಣಿನೊಳಗಿನ ರಬ್ಬರ್ ಬುಶ್ ಮಾತ್ರ ಹೊಸದು. ಯು ಬೋಲ್ಟು ಒಂದು ಸಲ ಬಿಗಿದರೆ ಎಳೆದುಕೊಂಡಿರುತ್ತೆ, ಮತ್ತೆ ಅದನ್ನೇ ನಂಬಬಾರದು.

ಮುಂದಿನ ಸ್ಟ್ರಟ್ಟು? ಹಳೇ ಶಾಕ್ ಅಬ್ಸಾರ್ಬರ್ ನಾನು ತಗೊಳ್ಳೋದೇ ಇಲ್ಲ. ಹೊರಗೆ ಒರೆಸಿ ಇಟ್ಟಿರ್ತಾರೆ, ಒಳಗೆ ಸೀಲು ಎಷ್ಟು ಸವೆದಿದೆ ಅಂತ ಯಾರು ಕಂಡರು? ಕಾಯಿಲ್ ಬೇಕಿದ್ದರೆ ತಳದ ಸುತ್ತು ನೋಡಿ. ಕಾಯಿಲ್ ಕೂರೋ ಬಟ್ಟಲಲ್ಲಿ ಕೆಸರು, ನೀರು ನಿಂತು ತುಕ್ಕು ಹಿಡಿದು ತುಂಡಾಗೋದು ಅಲ್ಲೇ. ಕಾಯಿಲ್ ಮೇಲೆ ಬಣ್ಣದ ಚುಕ್ಕಿಗಳಿದ್ದರೆ ನಿಮ್ಮದಕ್ಕೆ ತಾಳೆ ಹಾಕಿ, ಅದು ಬಿಗಿಯ ಗುರುತು. ನಿಮ್ಮವು ಸರಿ ಇದ್ದರೆ ಸುಮ್ನೆ ಬಿಚ್ಚಬೇಡಿ.

ಸ್ಪ್ಯಾನರ್ ಅಕ್ಕ

ನನ್ನದೂ ಒಂದು ಮಾತು. ರಬ್ಬರ್ ಬುಶ್ಶಿನ ಬೋಲ್ಟನ್ನು ಗಾಡಿ ಜಾಕಿನ ಮೇಲಿರುವಾಗಲೇ ಪೂರ್ತಿ ಬಿಗಿಯಬೇಡಿ. ಕೆಳಗಿಳಿಸಿ, ಚಕ್ರದ ಮೇಲೆ ಭಾರ ಬಿದ್ದ ಮೇಲೆ ಬಿಗಿಯಿರಿ. ಇಲ್ಲದಿದ್ದರೆ ರಬ್ಬರು ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಮುಂದಿನ ಕಾಯಿಲ್ ಬಿಚ್ಚೋದಾದರೆ ಅದನ್ನು ಅದುಮಿ ಹಿಡಿಯೋ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಮೇಲಿನ ನಟ್ಟು ಮುಟ್ಟಬೇಡಿ. ಹಾರಿದರೆ ಜೀವಕ್ಕೇ ಕುತ್ತು.

ವಾಲಿದ ವ್ಯಾನು

ಆ ಕಡ್ಡಿ ನಮ್ಮದರಲ್ಲೂ ಇದೆ! ಕೆಂಪು ಸೆಟ್ಟಿಗೇ ಹೇಳಿಬಿಟ್ಟೆ, ಮುಂದಿನದು ಮುಟ್ಟಲ್ಲ. ಅಕ್ಕಾ, ಯು ಬೋಲ್ಟನ್ನೂ ಗಾಡಿ ಇಳಿಸಿದ ಮೇಲೇ ಬಿಗಿಯಬೇಕಾ?

ಸ್ಪ್ಯಾನರ್ ಅಕ್ಕ

ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ತೂತಲ್ಲಿ ಸರಿಯಾಗಿ ಕೂತಿದೆ ಅಂತ ನೋಡಿಕೊಂಡು, ಮೇಲಿದ್ದಾಗಲೇ ನಾಲ್ಕೂ ನಟ್ಟನ್ನು ಅಡ್ಡಡ್ಡ ಸ್ವಲ್ಪ ಸ್ವಲ್ಪ ಬಿಗಿಯುತ್ತಾ ಬನ್ನಿ. ಇಳಿಸಿದ ಮೇಲೆ ಟಾರ್ಕ್ ರೆಂಚ್ (ಬಿಗಿತ ಅಳೆಯೋ ಸ್ಪ್ಯಾನರ್) ಹಾಕಿ ಪೂರ್ತಿ ಮಾಡಿ. ಸ್ವಲ್ಪ ಓಡಿಸಿ ಬಂದು ಮತ್ತೊಮ್ಮೆ ನೋಡಿ, ಹೊಸ ಬೋಲ್ಟು ಸಡಿಲ ಬಿಡೋದುಂಟು.