ಮಡಚುವ ಚಾಕುವಿನ ಲಾಕ್ ಪರೀಕ್ಷಿಸುವುದು ಹೇಗೆ?

ಪೆರ್ಲದಿಂದ ಪ್ರಶ್ನೆ: ತೋಟಕ್ಕೆ ಲಾಕ್ ಇರುವ ಮಡಚುವ ಚಾಕು ಒಂದು ಬೇಕು. ಕಾಳುಮೆಣಸಿನ ಕಸಿ, ಬಾಳೆಲೆ ಕೊಯ್ಯುವುದು, ಡ್ರಿಪ್ ಪೈಪು ತುಂಡು ಮಾಡುವುದು, ಇಷ್ಟೇ ಕೆಲಸ. ಅಂಗಡಿಯವರು ಚಾಕುವಿನ ಬೆನ್ನನ್ನು ಮೇಜಿಗೆ ಫಟ್ಟನೆ ಬಡಿದು "ಲಾಕ್ ಗಟ್ಟಿ ಉಂಟು" ಎನ್ನುತ್ತಾರೆ. ಅದನ್ನು ನಂಬಬಹುದಾ? ತಿಳಿದವರು ಹೇಳಿ.

ಬದಿಯಡ್ಕದಿಂದ: ನಂಬಬೇಡಿ ಅಣ್ಣ. ಬಡಿದಾಗ ಒಳಗಿನ ಸ್ಪ್ರಿಂಗ್ ಪಟ್ಟಿ ಕ್ಷಣಮಾತ್ರ ಅದುರಿ ಒಳ್ಳೆಯ ಲಾಕ್ ಕೂಡ ಬಿಡಬಹುದು, ಕೆಟ್ಟ ಲಾಕ್ ನಿಂತುಬಿಡಬಹುದು. ಮತ್ತೆ ಮತ್ತೆ ಬಡಿದರೆ ಪಟ್ಟಿಯ ತುದಿ ಚಪ್ಪಟೆಯಾಗಿ, ಸರಿ ಇದ್ದದ್ದೂ ಹಾಳು.

ಮೊದಲು ಕಣ್ಣಲ್ಲಿ ನೋಡಿ. ಲೈನರ್ ಲಾಕ್ (ಹಿಡಿಯೊಳಗಿನ ಸ್ಪ್ರಿಂಗ್ ಪಟ್ಟಿ ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ತಡೆಯಾಗಿ ಕೂರುವ ಬಗೆ) ಆದರೆ ಅಲಗು ಪೂರ್ತಿ ಬಿಡಿಸಿ, ಹಿಡಿಯ ಸಂದಿನಲ್ಲಿ ಪಟ್ಟಿ ಎಲ್ಲಿ ಬಂದು ಕೂತಿದೆ ಎಂದು ಬೆಳಕಿಗೆ ಹಿಡಿಯಿರಿ. ಅಲಗಿನ ಬುಡದ ಅಗಲದಲ್ಲಿ ಕಾಲು ಭಾಗದಿಂದ ಅರ್ಧದವರೆಗೆ ಕೂತಿದ್ದರೆ ಚೆನ್ನ. ಅಂಚಿನಲ್ಲಿ ಕೂದಲೆಳೆಯಷ್ಟೇ ತಾಗಿದ್ದರೆ ಜಾರುತ್ತದೆ. ಆಚೆ ಬದಿಯ ಗೋಡೆಗೇ ಮುಟ್ಟಿದ್ದರೆ ಸವೆದಿದೆ ಎಂದರ್ಥ, ಮುಂದೆ ಹೋಗಲು ಅದಕ್ಕೆ ಜಾಗವಿಲ್ಲ.

ಆಮೇಲೆ ಒತ್ತಿ ನೋಡುವುದು. ಅಲಗಿನ ಬಾಯಿಗೆ ಅಡಿಕೆ ಹಾಳೆಯ ದಪ್ಪ ತುಂಡನ್ನು ಮಡಚಿ ಕಟ್ಟಿ. ಹಿಡಿಯನ್ನು ಎರಡು ಪಕ್ಕದಿಂದ ಅಂಗೈಯಲ್ಲಿ ಹಿಡಿಯಿರಿ, ಅಲಗು ಮಡಚಿ ಬರುವ ದಾರಿಯಲ್ಲಿ ಒಂದು ಬೆರಳೂ ಇರಬಾರದು. ಲಾಕ್ ಪಟ್ಟಿಯ ಮೇಲೆ ಕೂಡ ಬೆರಳು ಒತ್ತಿರಬಾರದು, ಒತ್ತಿದರೆ ಫಲಿತಾಂಶ ಸುಳ್ಳಾಗುತ್ತದೆ. ಅಲಗಿನ ಬೆನ್ನನ್ನು ಮರದ ಹಲಗೆಗೆ ಇಟ್ಟು ನಿಧಾನಕ್ಕೆ ಒತ್ತಡ ಏರಿಸುತ್ತಾ ಹೋಗಿ. ಪಟ್ಟಿ ಹಿಂದೆ ಸರಿಯಿತೋ, "ಟಿಕ್" ಎಂದಿತೋ, ಆ ಚಾಕು ಬೇಡ. ಹೀಗೆಯೇ ಮೆತ್ತಗೆ ತೆರೆದು ಒಮ್ಮೆ, ಜೋರಾಗಿ ತೆರೆದು ಒಮ್ಮೆ ನೋಡಬೇಕು. ಮೆತ್ತಗೆ ತೆರೆದಾಗ ಪಟ್ಟಿ ಅರೆಬರೆ ಕೂರುವ ಚಾಕುಗಳು ಬಹಳ.

ಕೊನೆಗೆ, ಅಲಗನ್ನು ಮೆತ್ತನೆಯ ಮರಕ್ಕೆ ಸ್ವಲ್ಪ ಊರಿ ಹಿಡಿಯನ್ನು ಎಡಕ್ಕೂ ಬಲಕ್ಕೂ ತಿರುಚಿ. ಲೈನರ್ ಲಾಕ್ ಸೋಲುವುದು ಹೆಚ್ಚಾಗಿ ಇಲ್ಲೇ.

ನೀರ್ಚಾಲಿನಿಂದ: ಮೇಲಿನವರು ಹೇಳಿದ್ದು ಸರಿ, ಒಂದು ಮಾತು ಸೇರಿಸುತ್ತೇನೆ. ಕೊಯ್ಯುವಾಗ ಬಲ ಬೀಳುವುದು ಬಾಯಿಯ ಮೇಲೆ, ಅದು ಅಲಗನ್ನು ಇನ್ನೂ ತೆರೆಯುವ ಕಡೆಗೇ ತಳ್ಳುತ್ತದೆ, ಲಾಕಿಗೆ ಕೆಲಸವೇ ಇಲ್ಲ. ಮೊನೆಯಿಂದ ಚುಚ್ಚುವಾಗ, ಸಿಕ್ಕಿಬಿದ್ದ ಅಲಗನ್ನು ಅಲ್ಲಾಡಿಸಿ ಎಳೆಯುವಾಗ ಮಾತ್ರ ಬೆರಳು ಹೋಗುವ ಅಪಾಯ. ಹಿಪ್ಪಲಿ ಬುಡಕ್ಕೆ ಮೆಣಸಿನ ಕಸಿ ಕಟ್ಟುವವರು ಬುಡವನ್ನು ಸೀಳುವಾಗ ಮೊನೆ ಊರಿ ಒತ್ತುತ್ತಾರಲ್ಲ, ಅಲ್ಲಿ ಜಾಗ್ರತೆ. ಸ್ಪ್ರಿಂಗ್ ಬಿಗಿ ಮಾತ್ರ ಇರುವ, ಲಾಕ್ ಇಲ್ಲದ ಕಸಿ ಚಾಕುವಾದರಂತೂ ಹಾಗೆ ಒತ್ತಲೇಬಾರದು.

ಮುಳ್ಳೇರಿಯದಿಂದ: ನಮ್ಮ ಕಡೆ ಲಾಕ್ ಕೆಡಿಸುವುದು ಹಲಸಿನ ಮೇಣ, ಬಾಳೆಯ ಸೊನೆ ಮತ್ತು ಮಳೆಗಾಲ. ಬ್ಯಾಕ್ ಲಾಕ್ ಎಂದರೆ ಹಿಡಿಯ ಬೆನ್ನಿನಲ್ಲಿರುವ ಸರಳು ಅಲಗನ್ನು ಹಿಡಿದಿಡುವ ಬಗೆ; ಅದರಲ್ಲಿ ಸರಳಿನ ಕೊಕ್ಕೆ ಅಲಗಿನ ಬುಡದ ಕಚ್ಚಿನೊಳಗೆ ಪೂರ್ತಿ ಇಳಿಯಬೇಕು. ಕಚ್ಚಿನಲ್ಲಿ ಮೇಣವೋ ಕಿಸೆಯ ನೂಲೋ ತುಂಬಿದ್ದರೆ ಅರ್ಧಕ್ಕೇ ನಿಲ್ಲುತ್ತದೆ. ಹೊರಗಿಂದ ನೋಡಿದರೆ ಸರಳು ಹಿಡಿಯ ಸಮಕ್ಕೆ ಬರದೆ ಒಂದಿಷ್ಟು ಎದ್ದು ನಿಂತಿರುತ್ತದೆ, ಅದೇ ಗುರುತು. ತೆಂಗಿನೆಣ್ಣೆಯಲ್ಲಿ ಮೇಣ ಬಿಡಿಸಿ, ಹಲ್ಲುಕಡ್ಡಿಯಿಂದ ಕೆರೆದು, ಸಾಬೂನು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ತೆಂಗಿನೆಣ್ಣೆಯನ್ನು ಒಳಗೇ ಬಿಟ್ಟರೆ ಕ್ರಮೇಣ ಅಂಟಾಗುತ್ತದೆ. ತಿರುಗುವ ಸ್ಕ್ರೂವಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ ಸಾಕು, ಪಟ್ಟಿ ಕೂರುವ ಮುಖಕ್ಕೆ ಬೇಡ.

ಓಪಿನೆಲ್ ಕಂಪನಿಯ ಚಾಕುವಿನಂತೆ ಉಂಗುರ ತಿರುಗಿಸಿ ಲಾಕ್ ಮಾಡುವ ಮರದ ಹಿಡಿಯ ಚಾಕು ಗಟ್ಟಿಯೇ, ಆದರೆ ಮಳೆಗೆ ಹಿಡಿ ಉಬ್ಬಿ ಅಲಗು ತೆರೆಯಲು ಬಾರದೆ ಸಿಕ್ಕಿಬೀಳುತ್ತದೆ. ಉಂಗುರ ತಿರುಗಿಸಲು ಮರೆತರೆ ಲಾಕ್ ಇಲ್ಲದ ಚಾಕುವೇ.

ಬದಿಯಡ್ಕದಿಂದ: ಡ್ರಿಪ್ ಪೈಪು ವಿಷಯ ಬಿಟ್ಟುಹೋಯಿತು. 16 ಮಿ.ಮೀ. ಲ್ಯಾಟರಲ್ (ಗಿಡಗಳ ಸಾಲಿಗೆ ಹೋಗುವ ತೆಳು ಪೈಪು) ಆದರೆ ಹಲಗೆಯ ಮೇಲಿಟ್ಟು ನೇರ ಒತ್ತಿ ಕೊಯ್ಯಬಹುದು. ದಪ್ಪ ಪಿವಿಸಿಗೆ ಗರಗಸ ಅಥವಾ ಪೈಪ್ ಕಟ್ಟರ್ ತೆಗೆದುಕೊಳ್ಳಿ, ಮಡಚುವ ಚಾಕುವಿನಲ್ಲಿ ತಿರುಚಿ ಕೊಯ್ಯಲು ಹೋಗಬೇಡಿ.