ಹಡಗಿನ ವಿಹಾರವೋ, ನಾವೇ ಗೊತ್ತುಮಾಡಿಕೊಂಡ ಪ್ರವಾಸವೋ? ಅನುಭವ ಇದ್ದವರು ತಿಳಿಸಿ

ಕಲಬುರಗಿಯಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ವಾರ ಮಕ್ಕಳಿಗೆ ರಜೆ ಇರುವಾಗ ಅತ್ತೆ, ಮಾವ, ನಾವಿಬ್ಬರು, ಇಬ್ಬರು ಮಕ್ಕಳು ಕೂಡಿ ಎಲ್ಲಿಗಾದರೂ ಹೋಗಿಬರಬೇಕೆಂದಿದ್ದೇವೆ. ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆ ಹೋಗುವ ಕ್ರೂಸ್ ಹಡಗಿನಲ್ಲಿ ಹೋಗಿ ಎಂಬುದು ಮೈದುನನ ಸಲಹೆ. ಅದೇ ಹಣದಲ್ಲಿ ರೈಲು, ಕಾರು ಹಿಡಿದು ಕೇರಳವನ್ನು ನಿಧಾನವಾಗಿ ನೋಡಬಹುದು ಎಂಬುದು ನಮ್ಮ ಮನೆಯವರ ಮಾತು. ಅತ್ತೆಯವರಿಗೆ ಮೊಣಕಾಲು ನೋವಿದೆ, ಮೆಟ್ಟಿಲು ಹತ್ತಲಾರರು. ಮಾವನವರು ಸಮುದ್ರವನ್ನೇ ನೋಡಿಲ್ಲ, ಅದೊಂದು ಆಸೆ ಅವರಿಗಿದೆ. ಎರಡೂ ರೀತಿಯ ಪ್ರವಾಸ ಮಾಡಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಕಲಬುರಗಿ, ನಿವೃತ್ತ ಉಪನ್ಯಾಸಕಿ:

ತಂಗಿ, ನಾನು ಎರಡೂ ರೀತಿಯಲ್ಲಿ ಹೋಗಿಬಂದಿದ್ದೇನೆ. ಎರಡು ಸಲವೂ ನಮ್ಮ ಅತ್ತೆಯವರು ಜೊತೆಗಿದ್ದರು. ಹಡಗಿನ ಬಗ್ಗೆ ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ಒಮ್ಮೆ ಕ್ಯಾಬಿನ್‌ನಲ್ಲಿ ಪೆಟ್ಟಿಗೆ ಬಿಚ್ಚಿದರೆ ಇಳಿಯುವ ದಿನದವರೆಗೆ ಮತ್ತೆ ಕಟ್ಟುವ ಕೆಲಸವಿಲ್ಲ. ದಿನಕ್ಕೊಂದು ಲಾಡ್ಜ್, ದಿನಕ್ಕೊಂದು ಹಾಸಿಗೆ ಎಂಬ ದಣಿವು ವಯಸ್ಸಾದವರಿಗೆ ತಪ್ಪುತ್ತದೆ. ಒಂದು ಡೆಕ್ಕಿನಿಂದ ಇನ್ನೊಂದಕ್ಕೆ ಹೋಗಲು ಲಿಫ್ಟ್ ಇರುತ್ತದೆ. ಊಟಕ್ಕೆ ಹೊರಗೆ ಅಲೆಯಬೇಕಿಲ್ಲ, ಮಕ್ಕಳು ಎಲ್ಲಿ ಹೋದರೂ ಹಡಗಿನೊಳಗೇ ಇರುತ್ತಾರೆ. ಅತ್ತೆಯವರು ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ ಮೇಲಿನ ಡೆಕ್ಕಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತರೆಂದರೆ ಊಟದ ಹೊತ್ತಿನವರೆಗೆ ಏಳುತ್ತಿರಲಿಲ್ಲ. ನಾಲ್ಕೂ ಕಡೆ ನೀರು, ಎಲ್ಲಿಯೂ ದಡವಿಲ್ಲ. ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ನಮಗೆ ಆ ನೋಟವೇ ಒಂದು ಯಾತ್ರೆ. ನಿಮ್ಮ ಮಾವನವರ ಆಸೆಯನ್ನು ಹಗುರವಾಗಿ ಕಾಣಬೇಡಿರಿ.

ಆದರೆ ಮೊಣಕಾಲು ನೋವಿನವರಿಗೆ ಹಡಗಿನಲ್ಲಿ ಎರಡು ಜಾಗ ಕಷ್ಟ ಕೊಡುತ್ತವೆ. ಒಂದು ಸ್ನಾನದ ಮನೆಯ ಬಾಗಿಲು. ನೀರು ಹೊರಗೆ ಹರಿಯದಂತೆ ಅಲ್ಲಿ ಎತ್ತರದ ಹೊಸ್ತಿಲು ಇಟ್ಟಿರುತ್ತಾರೆ. ಹಗಲು ಹೇಗೋ ದಾಟಬಹುದು, ರಾತ್ರಿ ಹಡಗು ಸ್ವಲ್ಪ ವಾಲುತ್ತಿರುವಾಗ ನಿದ್ದೆಗಣ್ಣಿನಲ್ಲಿ ದಾಟುವುದು ಅಪಾಯ. ಹೊಸ್ತಿಲಿಲ್ಲದ, ಗಾಲಿಕುರ್ಚಿ ಒಳಗೆ ಹೋಗುವಂಥ ಕ್ಯಾಬಿನ್‌ಗಳೂ ಇರುತ್ತವೆ. ಸಂಖ್ಯೆಯಲ್ಲಿ ಬಹಳ ಕಡಿಮೆಯಾದ್ದರಿಂದ ಅವುಗಳನ್ನು ಹೆಸರಿಸಿಯೇ ಕೇಳಿ, ಮುಂಚಿತವಾಗಿ ಗೊತ್ತುಮಾಡಿಕೊಳ್ಳಬೇಕು. ಇನ್ನೊಂದು, ದ್ವೀಪಗಳಲ್ಲಿ ಇಳಿಯುವ ಕ್ರಮ. ಲಕ್ಷದ್ವೀಪದ ಸುತ್ತ ಹವಳದ ದಿಬ್ಬಗಳಿರುವುದರಿಂದ ದೊಡ್ಡ ಹಡಗು ದಡಕ್ಕೆ ಬರಲಾರದೆ ದೂರದಲ್ಲೇ ಲಂಗರು ಹಾಕುತ್ತದೆ. ಅಲ್ಲಿಂದ ಸಣ್ಣ ದೋಣಿಗೆ ಇಳಿಯಬೇಕು. ಹಡಗಿನ ಪಕ್ಕದ ಬಾಗಿಲಲ್ಲಿ ಇಬ್ಬರು ಸಿಬ್ಬಂದಿ ನಮ್ಮ ಎರಡೂ ತೋಳುಗಳನ್ನು ಹಿಡಿದು ನಿಂತಿರುತ್ತಾರೆ, ಕೆಳಗೆ ದೋಣಿ ಅಲೆಯ ಜೊತೆ ಏಳುತ್ತ ಬೀಳುತ್ತ ಇರುತ್ತದೆ. ಅದು ಮೇಲೆ ಬಂದ ಕ್ಷಣ ನೋಡಿ "ಈಗ" ಎನ್ನುತ್ತಾರೆ, ಆಗ ಹಿಂಜರಿಯದೆ ಕಾಲಿಡಬೇಕು. ನಮ್ಮ ಅತ್ತೆಯವರು ಬಾಗಿಲವರೆಗೆ ಬಂದು, ಕೆಳಗೆ ನೋಡಿ, "ನೀವು ಹೋಗಿ ಬರ್ರಿ, ನಾ ಇಲ್ಲೇ ಇರತೀನಿ" ಎಂದು ಹಿಂದಕ್ಕೆ ಹೋದರು. ದ್ವೀಪ ನೋಡಲೆಂದೇ ಹಣ ಕಟ್ಟಿದ್ದರೆ ನಿಮ್ಮ ಅತ್ತೆಯವರಿಗೆ ಅದು ದಕ್ಕದೆ ಹೋಗಬಹುದು. ಸಮುದ್ರ ನೋಡಲೆಂದು ಹೋಗುವುದಾದರೆ ನಷ್ಟವೇನಿಲ್ಲ.

ನೆಲದ ಪ್ರವಾಸದಲ್ಲಿ ಕಷ್ಟಗಳು ಬೇರೆ. ರೈಲು ತಡವಾಗುತ್ತದೆ, ಕೋಣೆ ಮೂರನೆಯ ಮಹಡಿಯಲ್ಲಿ ಸಿಗುತ್ತದೆ, ಊಟ ಹುಡುಕಬೇಕಾಗುತ್ತದೆ. ಆದರೂ ಅಲ್ಲಿ ಹೊತ್ತು ನಮ್ಮ ಕೈಯಲ್ಲಿರುತ್ತದೆ. ಕಾಲು ನೋಯುತ್ತಿದೆಯೆಂದರೆ ಕಾರು ನಿಲ್ಲಿಸಿ ಚಹಾ ಕುಡಿಯಬಹುದು, ಒಂದು ಊರು ಹಿಡಿಸಿದರೆ ಇನ್ನೊಂದು ದಿನ ಉಳಿಯಬಹುದು, ಆಯಾಸವಾದರೆ ಮರುದಿನದ ಊರನ್ನೇ ಬಿಡಬಹುದು. ಹಡಗು ಯಾರಿಗಾಗಿಯೂ ನಿಲ್ಲುವುದಿಲ್ಲ. ಹೊರಡುವ ಹೊತ್ತಿಗೆ ಸಾಕಷ್ಟು ಮುಂಚೆಯೇ ಎಲ್ಲರೂ ಒಳಗಿರಬೇಕೆಂದು ಸಮಯ ಹೇಳಿರುತ್ತಾರೆ, ತಡವಾದವರನ್ನು ಬಿಟ್ಟು ಹೋಗಿಬಿಡುತ್ತದೆ. ಆದ್ದರಿಂದ ಹಡಗನ್ನೇ ಆರಿಸಿದರೆ ಹತ್ತುವ ದಿನವೇ ಮುಂಬೈಗೆ ತಲುಪುವಂತೆ ರೈಲು ಹಿಡಿಯಬೇಡಿರಿ. ಉದ್ಯಾನ್ ಎಕ್ಸ್‌ಪ್ರೆಸ್‌ನಂಥ ಗಾಡಿಯಲ್ಲಿ ಹಿಂದಿನ ದಿನವೇ ಹೋಗಿ ಸಿಎಸ್‌ಎಂಟಿ ರೈಲು ನಿಲ್ದಾಣದ ಹತ್ತಿರ ಉಳಿದರೆ, ಅಲ್ಲಿಂದ ಹಡಗು ಹತ್ತುವ ಬಲ್ಲಾರ್ಡ್ ಪಿಯರ್ ಟ್ಯಾಕ್ಸಿಯಲ್ಲಿ ಸಮೀಪ.

ಊಟದ ಒಂದು ಮಾತು. ನಾವೆಲ್ಲ ಊರು ಬಿಡುವಾಗ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಕಟ್ಟಿಕೊಂಡೇ ಹೊರಡುತ್ತೇವೆ. ನೆಲದ ಪ್ರವಾಸದಲ್ಲಿ ಅದು ಎಷ್ಟೋ ದಿನ ಕಾಯುತ್ತದೆ. ಸಾಮಾನ್ಯವಾಗಿ ಹಡಗಿನವರು ಮನೆಯ ಅಡುಗೆಯನ್ನು ಒಳಗೆ ಬಿಡುವುದಿಲ್ಲ. ಬೆಂಕಿಯ ಭಯದಿಂದ ನೀರು ಕಾಯಿಸುವ ಕೆಟಲ್, ಇಸ್ತ್ರಿಪೆಟ್ಟಿಗೆಗಳನ್ನೂ ತೆಗೆದಿಟ್ಟುಕೊಳ್ಳುತ್ತಾರೆ. ಸಸ್ಯಾಹಾರ ಧಾರಾಳವಾಗಿ ಸಿಗುತ್ತದೆ, ಜೋಳದ ರೊಟ್ಟಿಯ ಆಸೆ ಮಾತ್ರ ಬಿಡಬೇಕು.

ಬೀದರ್, ಶಾಲಾ ಶಿಕ್ಷಕ:

ಅಕ್ಕನವರು ಬರೆದದ್ದೆಲ್ಲ ಸರಿ. ನಾನು ಇನ್ನೊಂದು ವಿಚಾರವನ್ನು ಸೇರಿಸುತ್ತೇನೆ. ನೋಡಬೇಕೆಂದಿರುವುದು ದಡದಲ್ಲಿದೆಯೋ ಒಳನಾಡಿನಲ್ಲಿದೆಯೋ ಎಂಬುದನ್ನು ಮೊದಲು ನಕಾಶೆ ತೆರೆದು ನೋಡಬೇಕು. ನಮ್ಮ ಬೀದರಿಗೆ ಹೈದರಾಬಾದಿನಿಂದ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆಗೆ ಮರಳುವವರನ್ನು ನಾನು ದಿನವೂ ನೋಡುತ್ತೇನೆ. ಕೋಟೆ ನೋಡುತ್ತಾರೆ, 1472ರ ಮಹಮೂದ್ ಗವಾನ್ ಮದರಸಾದ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ, ಬಸ್ಸು ಹತ್ತುತ್ತಾರೆ. ಅಷ್ಟೂರಿನ ಗುಂಬಜ್‌ಗಳ ಒಳಗಿನ ಬಣ್ಣದ ಚಿತ್ತಾರವಾಗಲಿ, ಕೋಟೆಯ ಮಣ್ಣು ಹಾಕಿ ಕುದಿಸಿ ಬಿದರಿಯ ಪಾತ್ರೆಯನ್ನು ಕಪ್ಪಾಗಿಸುವ ಕೆಲಸವಾಗಲಿ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಹಡಗಿನಿಂದ ಬಂದರಿಗೆ ಇಳಿದವರ ಪಾಡೂ ಅದೇ.

ನಾನು ಮನೆಯವರೊಂದಿಗೆ ಶ್ರೀಲಂಕೆಯನ್ನು ನೆಲದ ಮೇಲೆ ಸುತ್ತಿದ್ದೇನೆ. 2023ರ ಜೂನ್‌ನಲ್ಲಿ ಚೆನ್ನೈಯಿಂದ ಆ ದೇಶಕ್ಕೆ ಕ್ರೂಸ್ ಆರಂಭವಾದಾಗ ಅದು ಮುಟ್ಟುತ್ತಿದ್ದುದು ಹಂಬನ್‌ತೋಟ, ತ್ರಿಂಕೋಮಲಿ, ಕಂಕೇಸನ್‌ತುರೈ ಬಂದರುಗಳನ್ನು. ತ್ರಿಂಕೋಮಲಿಯ ಕೋಣೇಶ್ವರ ದೇವಾಲಯ ಸಮುದ್ರದ ಅಂಚಿನ ಬಂಡೆಯ ಮೇಲೆಯೇ ಇದೆ, ಕಂಕೇಸನ್‌ತುರೈಯಿಂದ ಜಾಫ್ನಾದ ನಲ್ಲೂರು ಕಂದಸ್ವಾಮಿ ದೇವಾಲಯವೂ ದೂರವಲ್ಲ. ಆ ಎರಡನ್ನು ನೋಡುವವರಿಗೆ ಹಡಗು ತಕ್ಕದ್ದೇ. ಆದರೆ ಹಂಬನ್‌ತೋಟದಲ್ಲಿ ಇಳಿದು ಕ್ಯಾಂಡಿಯಲ್ಲಿರುವ ಬುದ್ಧನ ದಂತಮಂದಿರಕ್ಕೆ ಹೋಗಿ ಸಂಜೆಗೆ ಹಡಗಿಗೆ ಮರಳುವುದು ಆಗದ ಮಾತು. ಅನುರಾಧಪುರದ ಬೋಧಿವೃಕ್ಷದ ಕೆಳಗೆ ಬಿಳಿ ಬಟ್ಟೆಯುಟ್ಟ ಊರಿನ ಜನರ ಮಧ್ಯೆ ನಮ್ಮ ತಾಯಿಯವರು ಕಣ್ಣು ಮುಚ್ಚಿ ಬಹಳ ಹೊತ್ತು ಕುಳಿತುಬಿಟ್ಟರು. ಚಾಲಕ ಕಾಯುತ್ತಿದ್ದ, ನಾವೂ ಕಾದೆವು. ಅಂಥ ಹೊತ್ತನ್ನು ಹಡಗಿನ ವೇಳಾಪಟ್ಟಿ ಕೊಡಲಾರದು.

ಕೇರಳಕ್ಕೂ ಇದೇ ಲೆಕ್ಕ ಹೊಂದುತ್ತದೆ. ಕೊಚ್ಚಿಗೆ ಬರುವ ಕ್ರೂಸ್ ಹಡಗುಗಳು ವಿಲಿಂಗ್ಡನ್ ದ್ವೀಪದ ಕಡೆ ನಿಲ್ಲುತ್ತವೆ. ಅಲ್ಲಿಂದ ಫೋರ್ಟ್ ಕೊಚ್ಚಿ, ಮಟ್ಟಾಂಚೇರಿಗಳನ್ನು ಅರ್ಧ ದಿನದಲ್ಲಿ ನೋಡಬಹುದು. ಮುನ್ನಾರ್ ಸುಮಾರು 130 ಕಿಲೋಮೀಟರ್ ದೂರ, ಘಾಟಿನ ರಸ್ತೆಯಲ್ಲಿ ಒಂದು ಕಡೆಗೇ ನಾಲ್ಕು ಗಂಟೆಯಾದರೂ ಬೇಕು.

ಯಾದಗಿರಿ, ಲೆಕ್ಕಪತ್ರದ ಕೆಲಸ ಮಾಡುವವರು:

ಹಣದ ವಿಷಯವನ್ನು ಯಾರೂ ಬರೆದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಹಡಗಿನ ಜಾಹೀರಾತಿನಲ್ಲಿ ಕಾಣುವ ದರ ಒಬ್ಬರದು, ಅದೂ ಇಬ್ಬರು ಒಂದೇ ಕ್ಯಾಬಿನ್ ಹಂಚಿಕೊಂಡಾಗಿನದು, ಅದೂ ಬಹುಪಾಲು ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್ನಿನದು. ಅದಕ್ಕೆ ಬಂದರು ಶುಲ್ಕ, ತೆರಿಗೆ, ಸಿಬ್ಬಂದಿಯ ಸೇವಾಶುಲ್ಕ ಸೇರುತ್ತವೆ. ಸಿಂಗಪುರದಿಂದ ಹೊರಡುವ ದೊಡ್ಡ ವಿದೇಶಿ ಹಡಗುಗಳಲ್ಲಿ ಈ ಸೇವಾಶುಲ್ಕವೇ ತಲೆಗೆ ದಿನಕ್ಕೆ 15ರಿಂದ 20 ಡಾಲರ್ ಆಸುಪಾಸು ಇರುತ್ತದೆ, ಮಕ್ಕಳಿಗೂ ಹಿಡಿಯುತ್ತಾರೆ. ಇಂಟರ್‌ನೆಟ್, ಬಂದರಿನಲ್ಲಿ ಇಳಿದು ಸುತ್ತಾಡಿಸುವ ಬಸ್ಸು, ಕೆಲವು ವಿಶೇಷ ಊಟದ ಮನೆಗಳು ಇವೆಲ್ಲ ಬೇರೆ. ಮುಂಬೈಗೆ ಹೋಗಿಬರುವ ಖರ್ಚು, ಅಲ್ಲಿ ಒಂದು ರಾತ್ರಿಯ ಕೋಣೆಯ ಬಾಡಿಗೆ ಕೂಡಿಸಿದ ಮೇಲೆಯೇ ಕೇರಳದ ಲೆಕ್ಕದ ಪಕ್ಕದಲ್ಲಿ ಇಟ್ಟು ನೋಡಿರಿ. ಆರು ಜನರಿಗೆ ಎರಡು ಕ್ಯಾಬಿನ್ ಸಾಕೋ ಮೂರು ಬೇಕೋ ಎಂಬುದರ ಮೇಲೆ ಮೊತ್ತ ಬಹಳ ಏರುಪೇರಾಗುತ್ತದೆ. ಕೇರಳದಲ್ಲಾದರೆ ಆರು ಜನಕ್ಕೆ ಒಂದೇ ಇನೋವಾ ಸಾಕು. ವಿದೇಶದ ಪ್ಯಾಕೇಜ್ ಆದರೆ ಟಿಸಿಎಸ್, ಅಂದರೆ ಹಣ ಕಟ್ಟುವಾಗಲೇ ವಸೂಲಿ ಮಾಡುವ ತೆರಿಗೆ, ಸೇರಿಸಿ ತೆಗೆದುಕೊಳ್ಳುತ್ತಾರೆ. ಅದು ನಿಮ್ಮ ಪ್ಯಾನ್ ಹೆಸರಿನಲ್ಲಿ ಜಮೆಯಾಗುವುದರಿಂದ ರಿಟರ್ನ್ಸ್ ಸಲ್ಲಿಸುವಾಗ ತೆರಿಗೆಗೆ ಹೊಂದಿಸಿಕೊಳ್ಳಬಹುದು, ಮರೆಯಬೇಡಿರಿ.

ಕ್ಯಾಬಿನ್ ಆರಿಸುವಾಗ ಡೆಕ್ಕಿನ ನಕ್ಷೆ ಕೇಳಿ ಪಡೆಯಿರಿ. ಕಿಟಕಿ ಇದೆಯೆಂದು ಹೇಳಿದ ಕೆಲವು ಕ್ಯಾಬಿನ್‌ಗಳ ಮುಂದೆ ಜೀವರಕ್ಷಕ ದೋಣಿ ತೂಗುಹಾಕಿರುತ್ತದೆ, ಸಮುದ್ರ ಕಾಣುವುದಿಲ್ಲ.

ಸೇಡಂ, ವೈದ್ಯ:

ಹಿರಿಯರಿರುವ ಕುಟುಂಬಕ್ಕೆ ನನ್ನ ಸಲಹೆ ಇಷ್ಟು. ಹಡಗಿನಲ್ಲಿ ವೈದ್ಯರು, ಸಣ್ಣ ದವಾಖಾನೆ ಇರುತ್ತವೆ, ಆದರೆ ಅಲ್ಲಿನ ಚಿಕಿತ್ಸೆಗೆ ಪ್ರತ್ಯೇಕ ಹಣ ಕೊಡಬೇಕು, ದೊಡ್ಡ ತೊಂದರೆಯಾದರೆ ದಡ ಸೇರುವವರೆಗೆ ಕಾಯಬೇಕು. ಹೃದಯದ ಕಾಯಿಲೆ ಇತ್ತೀಚೆಗೆ ಉಲ್ಬಣಿಸಿದವರು, ಡಯಾಲಿಸಿಸ್ ಮೇಲಿರುವವರು ಮೊದಲು ತಮ್ಮ ವೈದ್ಯರನ್ನು ಕೇಳದೆ ಹಣ ಕಟ್ಟಬಾರದು. ಗರ್ಭಿಣಿಯರನ್ನು 24 ವಾರಗಳಾದ ಮೇಲೆ ಬಹುತೇಕ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ. ಹೊಟ್ಟೆ ತೊಳಸುವುದು, ವಾಂತಿ ಬರುವ ಭಯ ಇದ್ದವರು ಕೆಳಗಿನ ಡೆಕ್ಕಿನ ನಡುಭಾಗದ ಕ್ಯಾಬಿನ್ ಪಡೆಯಬೇಕು, ಓಲಾಟ ಅಲ್ಲಿ ಎಲ್ಲಕ್ಕಿಂತ ಕಡಿಮೆ. ವಾಂತಿ ತಡೆಯುವ ಮಾತ್ರೆಯನ್ನು ಹಡಗು ಹೊರಡುವ ಮೊದಲೇ ನುಂಗಬೇಕು, ಶುರುವಾದ ಮೇಲೆ ನುಂಗಿದರೆ ಅದೂ ಹೊರಗೆ ಬರುತ್ತದೆ. ಈ ಮಾತ್ರೆಗಳಿಂದ ಹಿರಿಯರಿಗೆ ಮಂಪರು ಬಂದು ಬೀಳುವ ಸಂಭವ ಉಂಟು. ಅಕ್ಕನವರು ಹೇಳಿದ ಎತ್ತರದ ಹೊಸ್ತಿಲಿನ ಜೊತೆ ಇದನ್ನೂ ನೆನಪಿಡಬೇಕು. ಡಿಸೆಂಬರಿನಲ್ಲಿ ಅರಬ್ಬೀ ಸಮುದ್ರ ಸಾಮಾನ್ಯವಾಗಿ ಶಾಂತ, ಮುಂಗಾರಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಾತು ಬೇರೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಇದನ್ನೆಲ್ಲ ಮನೆಯಲ್ಲಿ ಓದಿ ಹೇಳಿದೆ. ದೋಣಿಗೆ ಇಳಿಯುವ ವಿವರ ಕೇಳಿ ಅತ್ತೆಯವರು ಬೇಡವೆಂದರು. ಮಾವನವರು "ಸಮುದ್ರದ ದಂಡಿಗೆ ನಿಂತರೂ ಸಾಕು, ಆದರ ಒಂದು ರಾತ್ರಿ ನೀರಿನ ಮ್ಯಾಲ ಮಲಗಬೇಕು" ಎನ್ನುತ್ತಿದ್ದಾರೆ. ಕೇರಳಕ್ಕೆ ಹೋದರೆ ಅದು ಸಾಧ್ಯವೇ?

ಕಲಬುರಗಿ, ನಿವೃತ್ತ ಉಪನ್ಯಾಸಕಿ:

ಸಾಧ್ಯ, ತಂಗಿ. ಆಲಪ್ಪುಳದ ಹೌಸ್‌ಬೋಟ್‌ನಲ್ಲಿ ಒಂದು ರಾತ್ರಿ ಇರಿ. ಅದು ಸಮುದ್ರವಲ್ಲ, ಹಿನ್ನೀರು. ಅಲೆಗಳಿಲ್ಲದ ಕಾರಣ ನಿಮ್ಮ ಅತ್ತೆಯವರಿಗೂ ಹೆದರಿಕೆಯಿಲ್ಲ. ಮೀನುಗಾರರು ಸಂಜೆ ಬಲೆ ಬೀಸುವುದರಿಂದ ಸುಮಾರು ಐದೂವರೆಯ ಹೊತ್ತಿಗೆ ದೋಣಿಗಳನ್ನು ದಡಕ್ಕೆ ಕಟ್ಟಿ ನಿಲ್ಲಿಸುತ್ತಾರೆ, ಬೆಳಿಗ್ಗೆ ಮತ್ತೆ ಹೊರಡುತ್ತವೆ. ಆದ್ದರಿಂದ ಮಧ್ಯಾಹ್ನವೇ ಹತ್ತುವಂತೆ ಮಾತಾಡಿಕೊಳ್ಳಿರಿ, ತಡವಾಗಿ ಹೋದರೆ ಕಟ್ಟಿದ ದೋಣಿಯಲ್ಲಿ ಕುಳಿತಂತಾಗುತ್ತದೆ. ಮಲಗುವ ಕೋಣೆ ಕೆಳಗಿನ ಅಂತಸ್ತಿನಲ್ಲಿರುವ ದೋಣಿಯನ್ನೇ ಕೇಳಿ, ದಡದಿಂದ ದೋಣಿಗೆ ಇಡುವ ಹಲಗೆಯ ಫೋಟೊ ಕಳಿಸಲು ಹೇಳಿರಿ. ಅಡುಗೆಯವರು ದೋಣಿಯಲ್ಲೇ ಇರುತ್ತಾರೆ, ಸಸ್ಯಾಹಾರವೆಂದು ಮೊದಲೇ ತಿಳಿಸಿದರಾಯಿತು. ನಿಜವಾದ ಸಮುದ್ರಕ್ಕೆ ಆಲಪ್ಪುಳದ ಕಡಲತೀರ ಅಲ್ಲಿಯೇ ಇದೆ, ಮಾವನವರನ್ನು ಸಂಜೆ ಕರೆದುಕೊಂಡು ಹೋಗಿರಿ.

ಮಕ್ಕಳಿಗೆ ಕೊಚ್ಚಿಯಲ್ಲಿ ವಾಟರ್ ಮೆಟ್ರೊ ತೋರಿಸಿರಿ. 2023ರ ಏಪ್ರಿಲ್‌ನಿಂದ ಓಡುತ್ತಿರುವ ಈ ದೋಣಿಗಳ ನಿಲ್ದಾಣದ ಕಟ್ಟೆ ನೀರಿನ ಮೇಲೆ ತೇಲುತ್ತ ದೋಣಿಯ ಮಟ್ಟಕ್ಕೇ ಇರುವುದರಿಂದ ಗಾಲಿಕುರ್ಚಿಯೂ ಸಲೀಸಾಗಿ ಒಳಗೆ ಹೋಗುತ್ತದೆ. ಲಕ್ಷದ್ವೀಪದ ದೋಣಿಗೆ ಅಂಜಿದವರೂ ಇದನ್ನು ಆರಾಮವಾಗಿ ಹತ್ತುತ್ತಾರೆ.

ಹೋಗುವುದಕ್ಕೆ ಪುಣೆ–ಕನ್ಯಾಕುಮಾರಿ ಎಕ್ಸ್‌ಪ್ರೆಸ್ ನಮ್ಮ ಕಲಬುರಗಿಯ ಮೇಲೆಯೇ ವಾಡಿ, ರಾಯಚೂರು ದಾಟಿ ಎರ್ನಾಕುಲಂ ಟೌನ್‌ಗೆ ಹೋಗುತ್ತದೆ. ಗಾಡಿ ಬದಲಾಯಿಸುವ ಕಷ್ಟವಿಲ್ಲ. ಸುಮಾರು ಒಂದು ಹಗಲು, ಒಂದು ರಾತ್ರಿಯ ದಾರಿಯಾದ್ದರಿಂದ ಹಿರಿಯರಿಗೆ ಎಸಿ ಕೋಚಿನಲ್ಲಿ ಕೆಳಗಿನ ಬರ್ತ್ ಬೇಕೇ ಬೇಕು. ಅದಕ್ಕೆ ಪುರುಷರಿಗೆ 60, ಮಹಿಳೆಯರಿಗೆ 45 ವರ್ಷ ದಾಟಿದ್ದರೆ ಪ್ರತ್ಯೇಕ ಕೋಟಾ ಇದೆ. ಅತ್ತೆ, ಮಾವ ಇಬ್ಬರ ಟಿಕೆಟನ್ನು ನಿಮ್ಮ ನಾಲ್ವರ ಜೊತೆ ಸೇರಿಸದೆ ಬೇರೆಯಾಗಿ ಆ ಕೋಟಾದಲ್ಲೇ ತೆಗೆಯಿರಿ. 2024ರ ನವೆಂಬರ್‌ನಿಂದ ಮುಂಗಡ ಟಿಕೆಟ್ 60 ದಿನ ಮೊದಲು ಮಾತ್ರ ಸಿಗುತ್ತದೆ. ಡಿಸೆಂಬರ್ ಕೊನೆಯ ವಾರಕ್ಕೆ ಅಕ್ಟೋಬರ್ ಕೊನೆಯಲ್ಲಿ ತೆರೆಯುತ್ತದೆ, ಶಬರಿಮಲೆಗೆ ಹೋಗುವವರ ನೂಕುನುಗ್ಗಲೂ ಅದೇ ಕಾಲದ್ದು. ಆ ದಿನ ಬೆಳಿಗ್ಗೆ ಎಂಟು ಗಂಟೆಗೆ ಸರಿಯಾಗಿ ಕುಳಿತು ತೆಗೆಯಿರಿ. ಮರಳುವ ಟಿಕೆಟಿನ ದಿನ ಬೇರೆ ತೆರೆಯುವುದರಿಂದ ಅದನ್ನು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಕೊಳ್ಳಿರಿ.